ಸಣ್ಣ ಉದ್ಯಮ, ಹೊಸ ಪದವೀಧರ ಮತ್ತು ಸರ್ಕಾರದ ವೇತನ ಸಹಾಯಧನ: ಒಂದು ವಿಮರ್ಶೆ

ಪದವೀಧರರ ನಿರುದ್ಯೋಗವನ್ನು ಕುರಿತು ನಮ್ಮಲ್ಲಿ ನಡೆಯುತ್ತಿರುವ ಚರ್ಚೆಯಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಸಂಬಳದ ಹೊರೆಯಲ್ಲಿ ಒಂದು ಪಾಲನ್ನು ಸರ್ಕಾರವು ಹೊತ್ತುಕೊಂಡರೆ ಸಣ್ಣ ಉದ್ಯಮಗಳವರು ಹೊಸ ಪದವೀಧರರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮುಂದೆ ಬರುವರು ಎಂಬುದೇ ಆ ಮಾತು. ಮೇಲುನೋಟಕ್ಕೆ ಇದು ಯುಕ್ತವಾಗಿಯೇ ತೋರುತ್ತದೆ. ಇದನ್ನು ಸಮರ್ಥಿಸುವವರು ಇದೊಂದು ನೂತನ ಉಪಾಯವೆಂದು ಬಗೆಯುತ್ತಾರೆ. ವಿರೋಧಿಸುವವರಲ್ಲಿ ಓದಿದವರು ಇಂಗ್ಲೆಂಡಿನ ಸ್ಪೀನ್‌ಹ್ಯಾಮ್‌ಲೆಂಡ್ ಪದ್ಧತಿಯ ಹೆಸರನ್ನೆತ್ತಿ, ಸಂಬಳಕ್ಕೆ ಸಹಾಯಧನ ಕೊಟ್ಟ ದೇಶವು ಕೂಲಿಯನ್ನೂ ಕೂಲಿಗಾರನನ್ನೂ ಕೆಡಿಸಿತೆಂದು ವಾದಿಸುತ್ತಾರೆ. ಈ ಎರಡು ಪಕ್ಷದವರ ಚರಿತ್ರಜ್ಞಾನವೂ ತಿದ್ದುಪಡಿಯನ್ನು ಬೇಡುತ್ತದೆ. ಅರ್ಥಶಾಸ್ತ್ರಜ್ಞರ ಕ್ಷೇತ್ರದಲ್ಲಿ ಇತಿಹಾಸದ ಅಧ್ಯಾಪಕನು ಕಾಲಿಡುವುದಕ್ಕೆ ಇಷ್ಟು ಕಾರಣ ಸಾಕೆಂದು ಭಾವಿಸುತ್ತೇನೆ.

ಮೊದಲು ಸ್ಪೀನ್‌ಹ್ಯಾಮ್‌ಲೆಂಡಿನ ವಿಷಯ. 1795ರ ಮೇ 6ರಂದು ಬರ್ಕ್‌ಷೈರ್ ಪ್ರಾಂತದ ನ್ಯಾಯಾಧಿಪತಿಗಳು ಆ ಊರಿನ ಪೆಲಿಕನ್ ಎಂಬ ಛತ್ರದಲ್ಲಿ ಸಭೆ ಸೇರಿದರು. ಯುದ್ಧದ ಕಾಲ, ಧಾನ್ಯದ ಬೆಲೆ ವಿಪರೀತವಾಗಿ ಏರಿತ್ತು. ಒಂದು ಗ್ಯಾಲನ್ ರೊಟ್ಟಿಯ ಬೆಲೆ ಒಂದು ಷಿಲಿಂಗಾಗಿದ್ದಾಗ ದುಡಿಯುವ ಬಡವನಿಗೆ ವಾರಕ್ಕೆ 3 ಷಿಲಿಂಗೂ, ಅವನ ಹೆಂಡತಿಗೂ ಮನೆಯ ಇತರ ಪ್ರತಿಯೊಬ್ಬರಿಗೂ ಒಂದೂವರೆ ಷಿಲಿಂಗೂ ದೊರೆಯಬೇಕು; ಅವನ ದುಡಿಮೆಯಿಂದ ಅಷ್ಟು ಬಾರದಿದ್ದರೆ ಕೊರತೆಯನ್ನು ಗ್ರಾಮದ ಬಡವರ ತೆರಿಗೆಯಿಂದ ತುಂಬಬೇಕು ಎಂದು ಅವರು ಗೊತ್ತುಮಾಡಿದರು. ಇದು ಪಾರ್ಲಿಮೆಂಟಿನ ಶಾಸನವಲ್ಲ. ಆದರೆ ಇದೇ ಬಗೆಯ ಏರ್ಪಾಡುಗಳು ದಕ್ಷಿಣ ಇಂಗ್ಲೆಂಡಿನ ಅನೇಕ ಗ್ರಾಮಗಳಲ್ಲಿ ಆಚರಣೆಯಲ್ಲಿದ್ದವು. ಇದರ ಜೊತೆಗೆ, ಕೆಲಸವಿಲ್ಲದವರನ್ನು ಸರದಿಯ ಮೇಲೆ ಒಬ್ಬೊಬ್ಬ ರೈತನ ಬಳಿಗೆ ಕಳುಹಿಸಿ ಅವರ ಕೂಲಿಯಲ್ಲಿ ಒಂದಂಶವನ್ನು ಗ್ರಾಮವೇ ತೆರುವ ಪದ್ಧತಿಯೂ ಇತ್ತು. ಇಂದು ನಾವು ವೇತನ ಸಹಾಯಧನವೆಂದು ಕರೆಯುವುದಕ್ಕೆ ಇದಕ್ಕಿಂತ ಹತ್ತಿರದ ಪೂರ್ವಜ ಸಿಕ್ಕುವುದು ಕಷ್ಟ.

ಈ ಪದ್ಧತಿಯನ್ನು 1834ರ ಬಡವರ ಶಾಸನ ಆಯೋಗದ ವರದಿಯು ಕಟುವಾಗಿ ಖಂಡಿಸಿತು. ನಸ್ಸೌ ಸೀನಿಯರ್ ಮತ್ತು ಎಡ್ವಿನ್ ಚಾಡ್ವಿಕ್ ಇಬ್ಬರೂ ಅದನ್ನು ಬರೆದವರಲ್ಲಿ ಮುಖ್ಯರು. ಸಹಾಯಧನವು ಕೂಲಿಯನ್ನು ಇಳಿಸಿತು, ಸೋಮಾರಿತನವನ್ನು ಬೆಳೆಸಿತು ಎಂಬ ಅವರ ತೀರ್ಪು ಒಂದು ಶತಮಾನಕ್ಕೂ ಮೀರಿ ಪಠ್ಯಪುಸ್ತಕಗಳಲ್ಲಿ ಉಳಿಯಿತು. 1944ರಲ್ಲಿ ಕಾರ್ಲ್ ಪೊಲಾನ್ಯಿಯಂಥ ಭಿನ್ನಮತೀಯನೂ ಅದರ ಬಹುಭಾಗವನ್ನು ಒಪ್ಪಿಕೊಂಡನು. ಮಾರ್ಕ್ ಬ್ಲಾಗ್ 1963ರಲ್ಲಿ ಆ ತೀರ್ಪನ್ನು ಬುಡಸಮೇತ ಪ್ರಶ್ನಿಸಿದನು. ಕೂಲಿ ಕಡಮೆಯಾದುದು ಸಹಾಯಧನದಿಂದಲ್ಲ. ಕೂಲಿ ಮೊದಲೇ ಕಡಮೆಯಿದ್ದುದರಿಂದ, ವರ್ಷದ ಕೆಲವು ತಿಂಗಳು ಹೊಲದಲ್ಲಿ ಕೆಲಸವೇ ಇಲ್ಲದಿದ್ದುದರಿಂದ, ಸಹಾಯಧನವು ಅಗತ್ಯವಾಯಿತು ಎಂಬುದು ಅವನ ವಾದದ ಸಾರ. ಕಾರ್ಯಕಾರಣಗಳನ್ನು ತಲೆಕೆಳಗು ಮಾಡಿದ ಒಂದು ವರದಿಯನ್ನು ಆಧಾರವಾಗಿಟ್ಟುಕೊಂಡು ಇಂದಿನ ಯೋಜನೆಯನ್ನು ಹಳಿಯುವುದು ಸಾಧುವಲ್ಲ.

ಆದರೆ ಸ್ಪೀನ್‌ಹ್ಯಾಮ್‌ಲೆಂಡಿನಿಂದ ಕಲಿಯಬೇಕಾದ ಪಾಠ ಬೇರೊಂದಿದೆ. ನಮ್ಮ ವಾದಿ ಪ್ರತಿವಾದಿಗಳಿಬ್ಬರೂ ಅದನ್ನು ಗಮನಿಸಿದಂತೆ ಕಾಣುವುದಿಲ್ಲ. ಬಡವರ ತೆರಿಗೆಯನ್ನು ಕೊಡುತ್ತಿದ್ದವರು ಕೂಲಿಗಾರರನ್ನು ಇಟ್ಟುಕೊಂಡ ದೊಡ್ಡ ರೈತರು ಮಾತ್ರವಲ್ಲ. ಮನೆಮಂದಿಯೇ ಗೇಯುವ ಸಣ್ಣ ಹಿಡುವಳಿದಾರ, ಅಂಗಡಿಯವ, ಕಮ್ಮಾರ, ಚಮ್ಮಾರ ಇವರೂ ಕೊಡುತ್ತಿದ್ದರು. ಇವರು ಕೂಲಿಗಾರರನ್ನು ಇಟ್ಟವರಲ್ಲವಾದ್ದರಿಂದ ಸಹಾಯಧನದ ಪ್ರಯೋಜನ ಇವರಿಗೆ ಇರಲಿಲ್ಲ. ಗ್ರಾಮಸಭೆಯಲ್ಲಿ ಮಾತು ನಡೆಯುತ್ತಿದ್ದುದು ದೊಡ್ಡ ರೈತರದು. ಜಾರ್ಜ್ ಬಾಯರ್ 1990ರ ತನ್ನ ಗ್ರಂಥದಲ್ಲಿ ಈ ಅಂಶವನ್ನು ವಿಶದವಾಗಿ ತೋರಿಸಿದ್ದಾನೆ. ಸಣ್ಣವರ ದುಡ್ಡಿನಿಂದ ದೊಡ್ಡವರ ಕೂಲಿಯ ಲೆಕ್ಕ ಸರಿತೂಗುತ್ತಿತ್ತು. ಹೀಗಿರಲಾಗಿ, ಯಾವುದೇ ವೇತನ ಸಹಾಯಧನವನ್ನು ಕುರಿತು ಮೊದಲು ಕೇಳಬೇಕಾದ ಪ್ರಶ್ನೆ ಕೂಲಿಗಾರನು ಸೋಮಾರಿಯಾಗುವನೋ ಎಂಬುದಲ್ಲ, ಯಾವ ಗಾತ್ರದ ಯಜಮಾನನಿಗೆ ಹಣ ಸೇರುತ್ತದೆ ಎಂಬುದು.

ಈ ಪ್ರಶ್ನೆಯನ್ನು ನಮ್ಮ ದೇಶದ ಯೋಜನೆಗೆ ಹಾಕೋಣ. ಕೇಂದ್ರ ಸಚಿವ ಸಂಪುಟವು 2025ರ ಜುಲೈ 1ರಂದು ಒಪ್ಪಿದ, ಮುಂದೆ ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆ ಎಂಬ ಹೆಸರು ಪಡೆದ ಏರ್ಪಾಡಿಗೆ ಗೊತ್ತುಪಡಿಸಿದ ಮೊತ್ತ 99,446 ಕೋಟಿ ರೂಪಾಯಿ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಹುಟ್ಟುವ ಉದ್ಯೋಗಗಳಿಗೆ ಇದು ಅನ್ವಯಿಸುತ್ತದೆ. ಮೊದಲ ಬಾರಿಗೆ ಭವಿಷ್ಯನಿಧಿಗೆ ಸೇರುವ ನೌಕರನಿಗೆ ಒಂದು ತಿಂಗಳ ಸಂಬಳ, ಹೆಚ್ಚೆಂದರೆ 15,000 ರೂಪಾಯಿ, ಎರಡು ಕಂತುಗಳಲ್ಲಿ ದೊರೆಯುತ್ತದೆ. ಕೆಲಸ ಕೊಟ್ಟವನಿಗೆ ಪ್ರತಿಯೊಬ್ಬ ಹೆಚ್ಚಿನ ನೌಕರನ ಬಾಬ್ತು ತಿಂಗಳಿಗೆ 3,000 ರೂಪಾಯಿಯವರೆಗೆ ಎರಡು ವರ್ಷ, ತಯಾರಿಕಾ ಉದ್ಯಮವಾದರೆ ನಾಲ್ಕು ವರ್ಷ, ಸಲ್ಲುತ್ತದೆ. ಆದರೆ ಐವತ್ತಕ್ಕಿಂತ ಕಡಮೆ ನೌಕರರಿರುವ ಸಂಸ್ಥೆಯು ಕನಿಷ್ಠ ಇಬ್ಬರನ್ನೂ, ಅದಕ್ಕಿಂತ ದೊಡ್ಡದು ಕನಿಷ್ಠ ಐವರನ್ನೂ ಹೊಸದಾಗಿ ಸೇರಿಸಿಕೊಂಡು ಆರು ತಿಂಗಳಾದರೂ ಉಳಿಸಿಕೊಳ್ಳಬೇಕು.

ಈ ಇಬ್ಬರು ಎಂಬ ನಿಬಂಧನೆಯನ್ನು ಸ್ವಲ್ಪ ವಿಚಾರಮಾಡಬೇಕು. ಐದು ನೂರು ಜನರ ಕಾರ್ಖಾನೆಗೆ ಐವರೆಂದರೆ ನೂರಕ್ಕೆ ಒಬ್ಬ. ಅಷ್ಟು ಜನ ಯಾವ ವರ್ಷದಲ್ಲಾದರೂ ಸೇರಿಯಾರು. ಆರು ಜನರಿರುವ ಒಂದು ಮುದ್ರಣಾಲಯಕ್ಕೆ ಇಬ್ಬರೆಂದರೆ ಮೂರರಲ್ಲಿ ಒಂದು ಪಾಲು. ಲೆಕ್ಕ ಬರೆಯಲು ಒಬ್ಬ ಬಿ.ಕಾಂ. ಪದವೀಧರನು ಬೇಕೆಂದು ಆ ಮುದ್ರಣಾಲಯದ ಒಡೆಯನು ಬಯಸಿದರೆ ಅವನಿಗೆ ಒಂದು ಕಾಸೂ ಸಿಕ್ಕದು, ಎರಡನೆಯವನನ್ನೂ ತೆಗೆದುಕೊಳ್ಳಬೇಕು. ತಲಾ 15,000 ರೂಪಾಯಿ ಸಂಬಳವೆಂದರೆ ಹೊಸ ಖರ್ಚು 30,000. ಈ ದರ್ಜೆಯ ಸಂಬಳಕ್ಕೆ ಸಹಾಯಧನ ತಲಾ 2,000ದಂತೆ 4,000. ಅದರಲ್ಲಿಯೂ ಯಜಮಾನನು ಭವಿಷ್ಯನಿಧಿಗೆ ಕಟ್ಟಬೇಕಾದ ಶೇಕಡ 12ರ ವಂತಿಗೆ ತಲಾ 1,800ದಂತೆ 3,600. ಇತರ ಸಣ್ಣ ಶುಲ್ಕಗಳನ್ನು ಎಣಿಸದಿದ್ದರೂ ಕೈಯಲ್ಲುಳಿಯುವುದು ನಾನೂರು ರೂಪಾಯಿ. ನಾನೂರು ರೂಪಾಯಿಗಾಗಿ ಮೂವತ್ತು ಸಾವಿರದ ಹೊರೆಯನ್ನು ಹೊರುವ ವ್ಯಾಪಾರಿಯನ್ನು ನಾನು ಕಂಡಿಲ್ಲ.

ಇಷ್ಟೇ ಅಲ್ಲ. ಭವಿಷ್ಯನಿಧಿಯ ಕಟ್ಟುಪಾಡು ಸಾಮಾನ್ಯವಾಗಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಸೇರಿದ್ದು. ನಮ್ಮ ಪೇಟೆಬೀದಿಯ ಅಂಗಡಿ, ಔಷಧಿ ಮಳಿಗೆ, ಲೆಕ್ಕಪರಿಶೋಧಕನ ಕಚೇರಿ, ಗ್ಯಾರೇಜು, ಇವುಗಳಲ್ಲಿ ಹೆಚ್ಚಿನವು ಆ ಗೆರೆಯ ಕೆಳಗಿವೆ. ತಾವಾಗಿ ನೋಂದಾಯಿಸಿಕೊಳ್ಳಬಹುದು, ನಿಜ. ಒಮ್ಮೆ ಒಳಗೆ ಬಂದವನು ಸಹಾಯಧನ ನಿಂತ ಮೇಲೆಯೂ ವಂತಿಗೆ ಕಟ್ಟುತ್ತಿರಬೇಕೆಂಬುದು ಅವನಿಗೆ ಗೊತ್ತು. ಆದಕಾರಣ ಈ ಯೋಜನೆಯು ವಾಸ್ತವವಾಗಿ ನೇಮಕಕ್ಕೆ ಕೊಡುವ ಪ್ರೋತ್ಸಾಹಕ್ಕಿಂತ ನೋಂದಣಿಗೆ ಕೊಡುವ ಪ್ರೋತ್ಸಾಹವೆಂದು ಹೇಳಬೇಕಾಗುತ್ತದೆ. ನೋಂದಣಿಯು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮುಪ್ಪಿನ ಕಾಲಕ್ಕೆ ನಾಲ್ಕು ಕಾಸು ಕೂಡಿರುವುದು ನೌಕರನಿಗೆ ದೊಡ್ಡ ಲಾಭವೇ ಸರಿ. ಆದರೆ ಅದನ್ನು ಸಣ್ಣ ಉದ್ಯಮಕ್ಕೆ ಮಾಡಿದ ಉಪಕಾರವೆಂದು ಸಾರುವುದು ಸರಿಯಲ್ಲ. ಸರಕು ಸೇವಾ ತೆರಿಗೆಯನ್ನು ಆ ಮುದ್ರಣಾಲಯದವನೂ ಕಾಗದ ಮಸಿಗಳ ಮೇಲೆ ಕೊಡುತ್ತಿದ್ದಾನೆ. ಬರ್ಕ್‌ಷೈರಿನ ಚಮ್ಮಾರನ ನೆನಪು ಇಲ್ಲಿ ಬಾರದಿರದು. ಬ್ರಿಟನ್ನಿನಲ್ಲಿ 2020ರಲ್ಲಿ ತರುಣರಿಗಾಗಿ ಆರಂಭಿಸಿದ ಕಿಕ್‌ಸ್ಟಾರ್ಟ್ ಯೋಜನೆಯಲ್ಲಿಯೂ ಮೂವತ್ತು ಸ್ಥಾನಗಳಿಗೆ ಕಡಮೆಯಿರುವವರು ನೇರವಾಗಿ ಅರ್ಜಿ ಹಾಕುವಂತಿರಲಿಲ್ಲ. ಮಧ್ಯವರ್ತಿಯೊಬ್ಬನ ಮೂಲಕ ಹೋಗಬೇಕಾಗಿತ್ತು. 2021ರಲ್ಲಿ ಆ ಗೆರೆಯನ್ನು ಅಳಿಸಿದರು. ಸಣ್ಣವರಿಗೆಂದು ಹೊರಟ ಹಣಕ್ಕೆ ಸಣ್ಣವರ ಬಾಗಿಲು ಮೊದಲ ಯತ್ನದಲ್ಲಿ ಸಿಕ್ಕುವುದು ಅಪರೂಪವೆಂದು ತೋರುತ್ತದೆ.

ನಮ್ಮ ದೇಶದಲ್ಲಿ ಇದಕ್ಕಿಂತ ಹಳೆಯದಾದ ಇನ್ನೊಂದು ಮಾರ್ಗವೂ ಇದೆ. 1961ರ ಅಪ್ರೆಂಟಿಸ್ ಶಾಸನವನ್ನು 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರಿಗೂ, 2014ರ ತಿದ್ದುಪಡಿಯಿಂದ ಇತರ ಪದವೀಧರರಿಗೂ ವಿಸ್ತರಿಸಲಾಯಿತು. ಪದವೀಧರರಿಗೆ ಗೊತ್ತುಮಾಡಿದ ಕನಿಷ್ಠ ಮೊತ್ತದಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. 2019ರ ನಿಯಮಗಳಲ್ಲಿ ಆ ಕನಿಷ್ಠವು 9,000 ರೂಪಾಯಿಯಾಗಿತ್ತು. ಪ್ರಮಾಣದಿಂದ ನೋಡಿದರೆ ಇದು ಮೇಲಿನ ಯೋಜನೆಗಿಂತ ಉದಾರ. ಮೂವತ್ತಕ್ಕೆ ಕಡಮೆ ಜನರಿರುವವರಿಗೆ ಇದು ಕಡ್ಡಾಯವಲ್ಲವಾದರೂ ನಾಲ್ವರಿದ್ದರೆ ಸೇರಬಹುದು. ಆದರೆ ಶಾಸನದ 18ನೆಯ ಕಲಮಿನ ಪ್ರಕಾರ ಅಪ್ರೆಂಟಿಸನು ಕಲಿಯುವವನೇ ಹೊರತು ಕೆಲಸಗಾರನಲ್ಲ. ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಅವಧಿ ಮುಗಿದ ಮೇಲೆ ಅವನನ್ನು ಇಟ್ಟುಕೊಳ್ಳಲೇಬೇಕೆಂಬ ಹಂಗೂ ಯಜಮಾನನಿಗಿಲ್ಲ. ನಮ್ಮ ಸರ್ಕಾರಿ ಕನ್ನಡವು ಈ ಹಣಕ್ಕೆ ಶಿಷ್ಯವೇತನವೆಂದು ಹೆಸರಿಟ್ಟಿದೆ. ಶಿಷ್ಯನಾದರೆ ಗುರುವೆಲ್ಲಿ ಎಂದು ಕೇಳುವುದು ಕುಚೋದ್ಯವಲ್ಲ. ಮೂರು ವರ್ಷ ಓದಿ ಬಂದವನಿಗೆ ಮತ್ತೆ ಒಂದು ವರ್ಷ ಕಡತ ಜೋಡಿಸುವ ಕೆಲಸವನ್ನು ಕೊಟ್ಟು ಅದನ್ನು ಶಿಕ್ಷಣವೆಂದು ಕರೆದರೆ ಆ ಪದಕ್ಕೆ ಅನ್ಯಾಯ. ಹಿಂದೆ ಕಚೇರಿಗಳಲ್ಲಿ ಉಮೇದುವಾರರಿರುತ್ತಿದ್ದರು. ಮುಂದೆ ಜಾಗ ಖಾಲಿಯಾದೀತೆಂಬ ಆಸೆಯಿಂದ ಸಂಬಳವಿಲ್ಲದೆ ಬರವಣಿಗೆಯ ಕೆಲಸ ಮಾಡುತ್ತಿದ್ದ ಓದಿದ ಯುವಕರು ಅವರು. ಪಾರಸಿಯ ಉಮೇದು ಎಂದರೆ ಆಸೆ. ಅಪ್ರೆಂಟಿಸನ ಕೈಗೆ ಹಣ ಬರುತ್ತದೆ ಎಂಬುದು ದೊಡ್ಡ ವ್ಯತ್ಯಾಸವೇ. ಆದರೆ ಅವನನ್ನು ಬಾಗಿಲಲ್ಲಿ ನಿಲ್ಲಿಸಿರುವುದು ಅದೇ ಆಸೆ.

ಇನ್ನು ಸಹಾಯಧನ ನಿಂತಮೇಲೆ ಏನಾಗುತ್ತದೆ ಎಂಬ ಪ್ರಶ್ನೆ. 1936ರಲ್ಲಿ ನಿಕೊಲಸ್ ಕಾಲ್ಡರ್ ನಿರುದ್ಯೋಗಕ್ಕೆ ವೇತನ ಸಹಾಯಧನವು ಮದ್ದಾಗಬಲ್ಲುದೆಂದು ವಾದಿಸಿದಾಗ ಅವನ ಕಣ್ಣೆದುರಿಗಿದ್ದುದು ಆರ್ಥಿಕ ಕುಸಿತ. ಕಾರ್ಖಾನೆಗಳು ಬಾಗಿಲು ಹಾಕಿದ್ದ ಕಾಲ. ಆ ವಾದವನ್ನು ಹೊಸ ಪದವೀಧರರ ವಿಷಯಕ್ಕೆ ಅನ್ವಯಿಸುವಾಗ ಇನ್ನೊಂದು ನಂಬಿಕೆಯನ್ನೂ ಸೇರಿಸಿಕೊಂಡಿದ್ದೇವೆ: ಒಮ್ಮೆ ಒಳಗೆ ಬಂದರೆ ತರುಣನು ಕಲಿಯುವನು, ಯಜಮಾನನು ಅವನ ಬೆಲೆಯನ್ನು ಅರಿಯುವನು, ಸಹಾಯಧನ ನಿಂತರೂ ಕೆಲಸ ಉಳಿಯುವುದು ಎಂದು. ಜೋರ್ಡಾನ್ ದೇಶದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. 2010ರಲ್ಲಿ ಕಮ್ಯುನಿಟಿ ಕಾಲೇಜುಗಳಿಂದ ಹೊರಬಂದ ತರುಣಿಯರಲ್ಲಿ ಕೆಲವರನ್ನು ಚೀಟಿ ಎತ್ತುವ ಕ್ರಮದಿಂದ ಆರಿಸಿ, ಅವರನ್ನು ನೇಮಿಸಿಕೊಂಡವರಿಗೆ ತಿಂಗಳಿಗೆ 150 ದಿನಾರಿನಂತೆ ಆರು ತಿಂಗಳವರೆಗೆ ಕೊಡುವ ಪತ್ರಗಳನ್ನು ಹಂಚಿದರು. 150 ದಿನಾರ್ ಅಂದಿನ ಕನಿಷ್ಠ ವೇತನ. ಅಂದರೆ ಯಜಮಾನನು ತನ್ನ ಕೈಯಿಂದ ಏನನ್ನೂ ಕೊಡಬೇಕಾಗಿರಲಿಲ್ಲ. ಪತ್ರ ನಡೆಯುತ್ತಿದ್ದಾಗ ಅವರಲ್ಲಿ ಕೆಲಸ ಪಡೆದವರ ಪ್ರಮಾಣ, ಪತ್ರವಿಲ್ಲದವರ ಪ್ರಮಾಣಕ್ಕಿಂತ ನೂರಕ್ಕೆ ಸುಮಾರು 38ರಷ್ಟು ಹೆಚ್ಚಿತ್ತು. ಪತ್ರದ ಅವಧಿ ಕಳೆದ ಮೇಲೆ ಆ ಅಂತರ ಬಹುಮಟ್ಟಿಗೆ ಕರಗಿಹೋಯಿತು. ಶ್ರೀಲಂಕೆಯ ಪಟ್ಟಣಗಳ ಅತಿ ಸಣ್ಣ ಉದ್ಯಮಗಳಿಗೆ ಸಹಾಯಧನ ಕೊಟ್ಟು ನೋಡಿದಾಗಲೂ ಫಲ ಇದೇ ಆಯಿತು. ಅಮೆರಿಕದ ಡೇಟನ್ ನಗರದಲ್ಲಿ 1980ರ ಸುಮಾರಿಗೆ ನಡೆದ ಪ್ರಯೋಗವಂತೂ ವಿಚಿತ್ರ. ಸಹಾಯಧನದ ಚೀಟಿಯನ್ನು ಹಿಡಿದು ಹೋದ ಬಡವರಿಗೆ ಚೀಟಿ ಇಲ್ಲದವರಿಗಿಂತ ಕಡಮೆ ಕೆಲಸ ಸಿಕ್ಕಿತು. ಸರ್ಕಾರವೇ ಹಣ ಕೊಟ್ಟು ಕಳುಹಿಸುವವನಲ್ಲಿ ಏನೋ ಐಬಿರಬೇಕೆಂದು ಯಜಮಾನರು ಬಗೆದರೆಂದು ಪರಿಶೀಲಕರು ಊಹಿಸಿದರು.

ಇವುಗಳಿಂದ ಸಹಾಯಧನವೇ ನಿರರ್ಥಕವೆಂದು ತೀರ್ಮಾನಿಸುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಆರು ತಿಂಗಳ ಸಂಬಳ ಮನೆಗೆ ಬಂದುದು ಸುಳ್ಳಲ್ಲ. ಜೋರ್ಡಾನಿನ ಪ್ರಯೋಗ ತೋರಿಸಿದ್ದು ಇಷ್ಟೆ: ತರುಣಿಯರಿಗೆ ಯೋಗ್ಯತೆಯಿಲ್ಲವೆಂಬ ಕಾರಣದಿಂದ ಕೆಲಸ ತಪ್ಪಿರಲಿಲ್ಲ, ಕನಿಷ್ಠ ವೇತನವನ್ನು ತೆತ್ತು ಇಟ್ಟುಕೊಳ್ಳುವಷ್ಟು ವ್ಯಾಪಾರ ಆ ಅಂಗಡಿಗಳಲ್ಲಿ ಇರಲಿಲ್ಲ. ವ್ಯಾಪಾರ ಹೆಚ್ಚದೆ ನೌಕರನು ಉಳಿಯಲಾರನು. ಕರ್ನಾಟಕದ ಯುವನಿಧಿಯು ಬೇರೆ ಹಾದಿಯನ್ನು ಹಿಡಿದಿದೆ. 2022–23ರಿಂದ ಈಚೆಗೆ ತೇರ್ಗಡೆಯಾಗಿ 180 ದಿನ ಕೆಲಸ ಸಿಕ್ಕದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯನ್ನು ಎರಡು ವರ್ಷದ ಮಿತಿಗೊಳಪಟ್ಟು ನೇರವಾಗಿ ಕೊಡುವ ಏರ್ಪಾಡು ಅದು. ಯಜಮಾನನ ಕೈಗೆ ಹಣ ಹೋಗುವುದಿಲ್ಲವೆಂಬುದು ಅದರ ಗುಣ. ಕೆಲಸ ಸಿಕ್ಕಿದೊಡನೆ ಅದು ನಿಲ್ಲುವುದರಿಂದ, ಎಂಟು ಸಾವಿರದ ಅಂಗಡಿ ಕೆಲಸಕ್ಕೆ ಸೇರುವ ಹುಡುಗನಿಗೆ ನಿಜವಾಗಿ ಹೆಚ್ಚುವುದು ಐದೇ ಸಾವಿರವೆಂಬುದು ದೋಷ. ಕೇಂದ್ರದ ಹಣ ದೊಡ್ಡ ಅಂಗಡಿಗೂ ರಾಜ್ಯದ ಹಣ ಕೆಲಸವಿಲ್ಲದವನಿಗೂ ಸೇರುತ್ತಿರಲು, ಆರು ಜನರ ಮುದ್ರಣಾಲಯಕ್ಕೆ ಏಳನೆಯವನಾಗಿ ಹೋಗುವ ಪದವೀಧರನಿಗೆ ನೆರವಾಗುವವರು ಯಾರೂ ಇಲ್ಲ. ನಮ್ಮ ಕಾಲೇಜುಗಳಿಂದ ಹೊರಡುವ ಬಿ.ಎ. ಪದವೀಧರರಲ್ಲಿ ಅನೇಕರು ಹೋಗುವುದು ಇಂಥ ಕಡೆಗೇ.

ಇಪ್ಪತ್ತಕ್ಕಿಂತ ಕಡಮೆ ಜನರಿರುವ ಸಂಸ್ಥೆಗಳಿಗೆ ಇಬ್ಬರು ಎಂಬುದನ್ನು ಒಬ್ಬನೆಂದು ಇಳಿಸುವುದು ಕಷ್ಟದ ಕೆಲಸವಲ್ಲ. ಭವಿಷ್ಯನಿಧಿಯ ಯಜಮಾನನ ಪಾಲನ್ನು ಅಂಥವರ ಪರವಾಗಿ ಸರ್ಕಾರವೇ ಕೆಲವು ವರ್ಷ ಕಟ್ಟಿದರೆ ನೋಂದಣಿಯ ಉದ್ದೇಶವೂ ಕೆಡುವುದಿಲ್ಲ. ಇದಕ್ಕಿಂತಲೂ ಮುಖ್ಯವಾಗಿ ಸಂಶೋಧಕರು ಕೇಳಬೇಕಾದುದು ಲೆಕ್ಕದ ಪ್ರಕಟಣೆ. ಎಷ್ಟು ಕೋಟಿ ಹಂಚಲಾಯಿತೆಂಬ ಒಟ್ಟು ಮೊತ್ತದಿಂದ ಏನೂ ತಿಳಿಯದು. ಸಂಸ್ಥೆಯ ಗಾತ್ರ, ಜಿಲ್ಲೆ, ನೇಮಕಗೊಂಡವರ ವಿದ್ಯಾರ್ಹತೆ, ಸಹಾಯಧನ ನಿಂತು ಆರು ತಿಂಗಳಾದ ಮೇಲೆ ಉಳಿದವರ ಸಂಖ್ಯೆ, ಇವು ಬೇಕು. 1834ರ ಆಯೋಗದವರು ತಮ್ಮ ತೀರ್ಪನ್ನು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದರೆಂಬ ಆಪಾದನೆಯಿದೆ. ಆದರೂ ಗ್ರಾಮಗ್ರಾಮಗಳಿಂದ ಬಂದ ಉತ್ತರಗಳನ್ನು ಅವರು ಬಚ್ಚಿಡದೆ ಅನುಬಂಧದ ದಪ್ಪ ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ನೂರಮೂವತ್ತು ವರ್ಷಗಳ ತರುವಾಯ ಬ್ಲಾಗ್ ಅವರ ವರದಿಯನ್ನು ಮತ್ತೆ ಪರೀಕ್ಷೆಗೊಡ್ಡಿದ್ದು ಆ ಅನುಬಂಧಗಳನ್ನೇ ಎಣಿಸಿ.