ಬ್ಯಾಟರಿ ಬದಲಿಸಿದರೂ ಬಿಡದ ಕಾಟ

ಪುಣೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರೊಂದು ಬೆಳಿಗ್ಗೆ ಸೆಲ್ಫ್ ಹೊಡೆಯದೆ ನಿಂತರೆ ಮೊದಲು ಬದಲಾಗುವುದು ಬ್ಯಾಟರಿ. ಹದಿನೈದು ದಿನ ಚೆನ್ನಾಗಿ ಓಡಿ ಮತ್ತೆ ನಿಂತರೆ ಆಲ್ಟರ್ನೇಟರ್ ಬಿಚ್ಚುತ್ತಾರೆ. ಮೂರನೆಯ ಸಲಕ್ಕೆ ಸ್ಟಾರ್ಟರ್ ಮೋಟಾರಿನ ಸರದಿ. ಆಮೇಲೂ ಒಂದು ಜೋರು ಮಳೆಯ ಮರುದಿನ ಗಾಡಿ ಮೊದಲಿನಂತೆಯೇ ಕಟಕಟ ಎಂದು ಸುಮ್ಮನಾಗುತ್ತದೆ. ಹಾಕಿದ ಸಾಮಾನೆಲ್ಲ ಹೊಸದೇ, ಎಲ್ಲವೂ ಸರಿಯಾಗಿಯೇ ಇದೆ. ತೊಂದರೆ ಮಾತ್ರ ಇದ್ದಲ್ಲೇ ಇದೆ. ಬಹಳ ಸಲ ಅದು ಬ್ಯಾಟರಿಯ ನೆಗೆಟಿವ್ ಕೇಬಲ್ ಬಾಡಿಗೆ ಕೂಡುವ ಬೋಲ್ಟಿನ ಅಡಿಯಲ್ಲಿ, ಯಾರೂ ಸ್ಪ್ಯಾನರ್ ಹಾಕದ ಜಾಗದಲ್ಲಿ, ತುಕ್ಕಿನ ತೆಳುವಾದ ಪದರವಾಗಿ ಕೂತಿರುತ್ತದೆ.

ಇಂಥದ್ದು ನಡೆಯುವುದು ಎಂಥ ಊರಿನಲ್ಲಿ ಎಂಬುದನ್ನೂ ನೋಡಬೇಕು. ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಎಆರ್‌ಎಐ ಸಂಸ್ಥೆ 1966ರಲ್ಲಿ ಹುಟ್ಟಿದ್ದು ಇಲ್ಲಿ. ಕೋಥ್ರೂಡಿನ ಗುಡ್ಡದ ಮೇಲೆ ಅದರ ಕಚೇರಿಯಿದೆ. ಪಿಂಪ್ರಿಯಲ್ಲಿ ಟಾಟಾ, ಆಕುರ್ಡಿಯಲ್ಲಿ ಬಜಾಜ್, ಚಾಕಣದಲ್ಲಿ ಫೋಕ್ಸ್‌ವ್ಯಾಗನ್, ಮರ್ಸಿಡಿಸ್, ಮಹೀಂದ್ರಾ. ಗಾಡಿ ಕಟ್ಟುವ ವಿದ್ಯೆಯಲ್ಲಿ ಪುಣೆಗೆ ಸಾಟಿಯಾಗುವ ಊರು ದೇಶದಲ್ಲಿ ಕೆಲವೇ ಕೆಲವು. ಹತ್ತು ವರ್ಷ ಓಡಿದ ಗಾಡಿಯಲ್ಲಿ ಎಲ್ಲಿ ಕರೆಂಟು ಸೋರುತ್ತಿದೆ ಎಂದು ಹುಡುಕುವ ವಿದ್ಯೆ ಮಾತ್ರ ಬೇರೆ ಕಡೆ ಬೆಳೆದಿದೆ: ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಗಲ್ಲಿಗಳ ಆಸುಪಾಸಿನಲ್ಲಿ, ಹೆದ್ದಾರಿ ಬದಿಯ ಶೆಡ್ಡುಗಳಲ್ಲಿ, ವೈರ್‌ಮನ್ ಎಂದು ಎಲ್ಲರೂ ಕರೆಯುವ ಆಟೊ ಎಲೆಕ್ಟ್ರಿಷಿಯನ್‌ಗಳ ಕೈಯಲ್ಲಿ. ಆ ಕೈಗಳಲ್ಲಿ ಅನುಭವಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಕೆಲಸ ನಡೆಯುವ ಪದ್ಧತಿಯಲ್ಲಿ, ಅದಕ್ಕೆ ದುಡ್ಡು ಕೊಡುವ ರೀತಿಯಲ್ಲಿ.

ಬಿಲ್ಲಿನಲ್ಲಿ ಬರೆಯುವುದು ಸಾಮಾನಿನ ಬೆಲೆ ಮತ್ತು ಅದನ್ನು ಕೂರಿಸಿದ ಕೂಲಿ. ಎರಡು ಗಂಟೆ ಬಗ್ಗಿ ಕೂತು ಹುಡುಕಿ, ಕೊನೆಗೆ ಒಂದು ಬೋಲ್ಟನ್ನು ಮರಳು ಕಾಗದದಿಂದ ಉಜ್ಜಿ ಬಿಗಿ ಮಾಡಿದ ವೈರ್‌ಮನ್ನಿಗೆ ಏನು ಕೊಡಬೇಕು? ‘ಇಷ್ಟೇ ತಾನೆ ಮಾಡಿದ್ದು?’ ಎಂದು ಗಿರಾಕಿ ನೂರು ರೂಪಾಯಿ ಚಾಚುತ್ತಾರೆ. ಅದೇ ಮನುಷ್ಯ ಹತ್ತು ನಿಮಿಷದಲ್ಲಿ ಹೊಸ ಬ್ಯಾಟರಿ ಹಾಕಿ ಕಳಿಸಿದ್ದರೆ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಹುಡುಕುವುದಕ್ಕೆ ಬೆಲೆಯಿಲ್ಲದ ಕಡೆ ಹುಡುಕಾಟ ನಿಂತುಹೋಗುವುದು ಸಹಜ. ಈ ಪದ್ಧತಿಯ ಮೂಲದೋಷ ಇದೇ, ಮತ್ತು ಇದರಲ್ಲಿ ಗಿರಾಕಿಯ ಪಾಲು ಗ್ಯಾರೇಜಿನದಕ್ಕಿಂತ ಕಡಿಮೆಯೇನಲ್ಲ.

ಹಾಗಾದರೆ ಸರಿಯಾದ ಹುಡುಕಾಟ ಹೇಗಿರುತ್ತದೆ? ಮೇಲೆ ಹೇಳಿದ ಬೋಲ್ಟಿನ ಅರ್ಥಿಂಗ್ ದೋಷವನ್ನೇ ತೆಗೆದುಕೊಳ್ಳಬಹುದು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಒಳಗೆ ಕೂತು ಸೆಲ್ಫ್ ಹೊಡೆಯಬೇಕು. ಆ ಕ್ಷಣದಲ್ಲಿ ಮೀಟರು 0.2 ವೋಲ್ಟಿನ ಆಸುಪಾಸಿನಲ್ಲಿದ್ದರೆ ಕೇಬಲ್ ಚೆನ್ನಾಗಿದೆ. ಒಂದು, ಒಂದೂವರೆ ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿದ. ಸ್ಟಾರ್ಟರ್ 150 ಆಂಪಿಯರ್ ಎಳೆಯುವಾಗ ದಾರಿಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ ಸಾಕು, ಒಂದೂವರೆ ವೋಲ್ಟ್ ಅಲ್ಲೇ ಕರಗುತ್ತದೆ. 1827ರಲ್ಲಿ ಗಿಯಾರ್ಗ್ ಓಮ್ ಪ್ರಕಟಿಸಿದ ನಿಯಮಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಕಾಗಿಲ್ಲ. ಹಾಗಿದ್ದೂ, ಕರೆಂಟು ಹರಿಯುತ್ತಿರುವಾಗ ಅಳೆಯುವ ಈ ಪರೀಕ್ಷೆಯನ್ನು ಮಾಡದೆಯೇ ಎಷ್ಟೋ ಬ್ಯಾಟರಿಗಳು ಗುಜರಿಗೆ ಹೋಗುತ್ತವೆ.

ಇಲ್ಲಿ ಹಳೆಯ ತಲೆಮಾರಿನ ವೈರ್‌ಮನ್ನಿನ ಟೆಸ್ಟ್ ಲ್ಯಾಂಪಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಬೇಕು. ಹೋಲ್ಡರಿನಲ್ಲಿ ಒಂದು ಇಂಡಿಕೇಟರ್ ಬಲ್ಬು, ಎರಡು ತುಂಡು ವೈರು, ತುದಿಗೊಂದು ಸೂಜಿ: ಅಷ್ಟೇ ಅದರ ಸಂಪತ್ತು. ಆದರೆ ಏಳೆಂಟು ಎಳೆ ಕಡಿದು ಕಿಲುಬು ಹಿಡಿದ ಒಂದೇ ಎಳೆ ಉಳಿದ ವೈರಿಗೆ ಡಿಜಿಟಲ್ ಮೀಟರ್ ಹಿಡಿದರೆ ಅದು ಆರಾಮಾಗಿ 12 ವೋಲ್ಟ್ ತೋರಿಸುತ್ತದೆ. ಮೀಟರು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. 21 ವಾಟಿನ ಬಲ್ಬು ಅದೇ ವೈರಿನಲ್ಲಿ ಮಂಕಾಗಿ ಮಿಣುಗುತ್ತದೆ, ಮೋಸ ಹೊರಬೀಳುತ್ತದೆ. ಹೊಲದಲ್ಲಿ ಎತ್ತನ್ನು ನೊಗಕ್ಕೆ ಹೂಡಿ ನೋಡಿ ಕೊಳ್ಳುವ ರೈತನ ಜಾಣತನವೇ ಇದು. ಆದರೂ ಆ ಬಲ್ಬನ್ನು ಎಲ್ಲ ಕಡೆಗೂ ಒಯ್ಯುವಂತಿಲ್ಲ. ಏರ್‌ಬ್ಯಾಗಿನ ವೈರಿಗೋ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಯುವಿನ ಸೆನ್ಸರ್ ಲೈನಿಗೋ ಅದನ್ನು ಚುಚ್ಚಿದರೆ ಇದ್ದ ದೋಷದ ಜೊತೆ ಹೊಸದೊಂದು ಸೇರುತ್ತದೆ. ಹಳದಿ ತೊಡುಗೆಯ ಏರ್‌ಬ್ಯಾಗ್ ವೈರಿನ ಹತ್ತಿರ ಕೈ ಹಾಕದ ಶಿಸ್ತು ಒಳ್ಳೆಯ ವೈರ್‌ಮನ್ನಿನ ಮೊದಲ ಗುರುತು.

ಸ್ಕ್ಯಾನರಿನ ಮಾತು ಬೇರೆ. ಭಾರತದಲ್ಲಿ 2010ರಿಂದ ಗಾಡಿ ತನ್ನ ದೋಷವನ್ನು ತಾನೇ ದಾಖಲಿಸುವ ಓಬಿಡಿ ವ್ಯವಸ್ಥೆಯ ಮೊದಲ ಹಂತ, 2013ರಿಂದ ಎರಡನೆಯ ಹಂತ ಕಡ್ಡಾಯವಾದ ಮೇಲೆ ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಯಂತ್ರ ಜೋಡಿಸಿ ಕೋಡ್ ಓದುವುದು ಸಣ್ಣ ಗ್ಯಾರೇಜಿಗೂ ಬಂತು. ‘ಪಿ0562’ ಎಂದು ಪರದೆಯ ಮೇಲೆ ಬಂದರೆ ಅರ್ಥ ಇಷ್ಟೇ: ವೋಲ್ಟೇಜ್ ಕಡಿಮೆಯಾಗಿತ್ತು. ಏಕೆ ಕಡಿಮೆಯಾಯಿತು ಎಂಬುದು ಅದಕ್ಕೆ ತಿಳಿಯದು. ಸೋತ ಬ್ಯಾಟರಿಯಲ್ಲಿ ಒಮ್ಮೆ ಸೆಲ್ಫ್ ಹೊಡೆದರೆ ಸಾಕು, ಎಬಿಎಸ್, ಸ್ಟಿಯರಿಂಗ್, ಎಂಜಿನ್ ಒಂದರ ಸಂಪರ್ಕ ಒಂದಕ್ಕೆ ತಪ್ಪಿತೆಂದು ಸಾಲುಸಾಲು ಕೋಡುಗಳು ಬೀಳುತ್ತವೆ. ಪರದೆ ನೋಡಿ ದುಬಾರಿ ಮಾಡ್ಯೂಲ್ ಬದಲಿಸಲು ಹೇಳುವವರು ಸಾಮಾನು ಮಾರುವ ಹಳೆಯ ಚಾಳಿಗೇ ಮರಳಿದಂತೆ. ಅದಕ್ಕಿಂತ ಕೆಟ್ಟದ್ದೆಂದರೆ ಬಂದ ಕೂಡಲೇ ಕೋಡ್ ಅಳಿಸಿಬಿಡುವುದು. ದೋಷ ದಾಖಲಾದ ಗಳಿಗೆಯಲ್ಲಿ ಗಾಡಿಯ ವೇಗ, ಎಂಜಿನ್ನಿನ ಬಿಸಿ ಎಷ್ಟಿತ್ತು ಎಂಬ ‘ಫ್ರೀಜ್ ಫ್ರೇಮ್’ ವಿವರವೂ ಅದರೊಡನೆ ಅಳಿಸಿಹೋಗುತ್ತದೆ. ಒಮ್ಮೊಮ್ಮೆ ಮಾತ್ರ ಕಾಣಿಸುವ ದೋಷಕ್ಕೆ ಅದೊಂದೇ ಸಾಕ್ಷಿ.

ಮಾರುವ ಮುನ್ನ ಕೋಡ್ ಅಳಿಸಿ ವಾರ್ನಿಂಗ್ ದೀಪ ಆರಿಸುವವರೂ ಇದ್ದಾರೆ. ಕೊಳ್ಳುವವರ ಕೈಯಲ್ಲಿ ಅದಕ್ಕೊಂದು ಉಪಾಯವಿದೆ. ಸ್ಕ್ಯಾನರಿನಲ್ಲಿ ‘ರೆಡಿನೆಸ್’ ಪುಟ ತೆರೆದು ನೋಡಬೇಕು. ಹಲವು ಪರೀಕ್ಷೆಗಳ ಮುಂದೆ ‘ಅಪೂರ್ಣ’ ಎಂದಿದ್ದರೆ ಕೋಡುಗಳನ್ನು ಇತ್ತೀಚೆಗೆ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಏಕೆ ಎಂದು ಕೇಳುವ ಹಕ್ಕು ದುಡ್ಡು ಕೊಡುವವರಿಗಿದೆ.

ಪುಣೆಯ ಗಾಡಿಗಳ ಮಟ್ಟಿಗೆ ನೀರಿನ ಕಥೆಯೇ ದೊಡ್ಡದು. 2019ರ ಸೆಪ್ಟೆಂಬರ್ 25ರ ರಾತ್ರಿ ಅಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಕಾತ್ರಜ್, ಸಹಕಾರ ನಗರದ ಕಡೆ ಕಾರುಗಳು ಕೊಚ್ಚಿಹೋದವು. 2024ರ ಜುಲೈ 25ರಂದು ಖಡಕ್‌ವಾಸ್ಲಾ ಅಣೆಕಟ್ಟೆಯಿಂದ ಬಿಟ್ಟ ನೀರು, ಸುರಿದ ಮಳೆ ಎರಡೂ ಸೇರಿ ಸಿಂಹಗಡ ರಸ್ತೆಯ ಏಕತಾ ನಗರಿಯ ಪಾರ್ಕಿಂಗ್‌ಗಳನ್ನು ಮುಳುಗಿಸಿದವು. ಮುಳುಗಿದ ಗಾಡಿಯನ್ನು ಒಣಗಿಸಿ, ಸೀಟು ತೊಳೆದು, ಸುಗಂಧ ಸಿಂಪಡಿಸಿ ಮಾರುವುದು ಕಷ್ಟವಲ್ಲ. ತಾಮ್ರದ ಎಳೆಗಳ ನಡುವೆ ಹೀರಿಕೊಂಡ ಕೊಳೆನೀರು ಮಾತ್ರ ಪ್ಲಾಸ್ಟಿಕ್ ತೊಡುಗೆಯ ಒಳಗೇ ತಿಂಗಳುಗಟ್ಟಲೆ ತನ್ನ ಕೆಲಸ ಮುಂದುವರಿಸುತ್ತದೆ. ಆರು ತಿಂಗಳ ಮೇಲೆ ಪವರ್ ವಿಂಡೋ ನಿಲ್ಲುತ್ತದೆ, ವರ್ಷದ ಮೇಲೆ ಏರ್‌ಬ್ಯಾಗ್ ದೀಪ ಹತ್ತುತ್ತದೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದರೆ ಸುರುಳಿಯ ಒಳಭಾಗದಲ್ಲಿ ಮಣ್ಣಿನ ಗೆರೆ ಕಾಣಬಹುದು. ಕಾರ್ಪೆಟ್ ಎತ್ತಿ ಸೀಟಿನಡಿಯ ಕನೆಕ್ಟರ್ ಬಿಚ್ಚಿದರೆ ಹಸಿರು ಕಿಲುಬು ಕಾಣುತ್ತದೆ. ಆ ಕಿಲುಬು ಕಂಡ ಗಾಡಿಯನ್ನು, ಬೆಲೆ ಎಷ್ಟೇ ಇಳಿಸಿದರೂ, ಬಿಟ್ಟುಬಿಡುವುದು ಒಳ್ಳೆಯದು.

ಪ್ರವಾಹವೇ ಬೇಕೆಂದಿಲ್ಲ. ಮರದ ನೆರಳಿನಲ್ಲಿ ನಿಂತ ಕಾರಿನ ವೈಪರ್ ಕೆಳಗಿನ ಜಾಲರಿಯಲ್ಲಿ ಗುಲ್‌ಮೊಹರಿನ ಸಣ್ಣ ಎಲೆಗಳು ಸೇರಿ ನೀರು ಇಳಿಯುವ ತೂತು ಮುಚ್ಚುತ್ತವೆ. ಜುಲೈ ಮಳೆಯ ನೀರು ದಾರಿ ತಪ್ಪಿ ಡ್ಯಾಶ್‌ಬೋರ್ಡಿನ ಹಿಂದೆ ಇಳಿದು ಫ್ಯೂಸ್ ಬಾಕ್ಸಿನ ಮೇಲೆ ತೊಟ್ಟಿಕ್ಕುತ್ತದೆ. ಬೇಸಿಗೆಯಲ್ಲಿ ಒಂದೂ ತಕರಾರಿಲ್ಲದ ಕಾರು ಮಳೆಗಾಲದಲ್ಲಿ ತಾನಾಗಿ ವೈಪರ್ ಬೀಸತೊಡಗಿದರೆ ನೋಡಬೇಕಾದ್ದು ಆ ಎಲೆಗಳನ್ನು. ಇಂಥ ಸುಳಿವು ಹೊರಬರುವುದು ಪ್ರಶ್ನೆಯಿಂದ. ಮಾಲೀಕರು ‘ಒಮ್ಮೊಮ್ಮೆ ಹೀಗಾಗುತ್ತೆ’ ಎಂದಷ್ಟೇ ಹೇಳುತ್ತಾರೆ. ಮಳೆಯಲ್ಲೋ, ಸ್ಪೀಡ್ ಬ್ರೇಕರ್ ಹಾರಿದಾಗಲೋ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗಲೋ, ರಾತ್ರಿಯಿಡೀ ನಿಂತ ಮೇಲೋ ಎಂದು ಕೆದಕಿ ಕೇಳುವ ವೈರ್‌ಮನ್ ಬೊನೆಟ್ ತೆಗೆಯುವ ಮೊದಲೇ ಅರ್ಧ ದಾರಿ ಕ್ರಮಿಸಿರುತ್ತಾನೆ. ಸ್ಟಿಯರಿಂಗ್ ತಿರುಗಿಸಿದಾಗ ಹಾರ್ನ್ ಹೋಗುತ್ತದೆಂದರೆ ಅದರೊಳಗಿನ ಕ್ಲಾಕ್ ಸ್ಪ್ರಿಂಗ್ ನೋಡಬೇಕು. ಬಾಗಿಲು ತೆರೆದು ಹಾಕಿದಾಗ ಕಿಟಕಿ ಕೆಲಸ ಮಾಡುತ್ತದೆಂದರೆ ಬಾಗಿಲಿಗೂ ಕಂಬಕ್ಕೂ ನಡುವಿನ ರಬ್ಬರ್ ತೋಳಿನೊಳಗೆ ಮಡಿಚಿ ಮಡಿಚಿ ಕಡಿದ ವೈರು ಇರುತ್ತದೆ.

ರಾತ್ರಿ ನಿಂತಲ್ಲೇ ಬ್ಯಾಟರಿ ಇಳಿಯುವ ಕಾಟಕ್ಕೆ ತಾಳ್ಮೆ ಹೆಚ್ಚು ಬೇಕು. ಬೀಗ ಹಾಕಿದ ಕಾರು ಸಾಮಾನ್ಯವಾಗಿ 50 ಮಿಲಿ ಆಂಪಿಯರ್ ಒಳಗೆ ಎಳೆಯಬೇಕು. ಅರ್ಧ ಆಂಪಿಯರ್ ಎಳೆದರೆ ದಿನಕ್ಕೆ 12 ಆಂಪಿಯರ್ ಅವರ್; ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಮೂರು ದಿನಕ್ಕೆ ಖಾಲಿ. ರೂಢಿಯ ವಿಧಾನವೆಂದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗುವುದು. ಇಂದಿನ ಗಾಡಿಗಳಲ್ಲಿ ಅದು ಹಾದಿ ತಪ್ಪಿಸುತ್ತದೆ, ಏಕೆಂದರೆ ಫ್ಯೂಸ್ ಕಿತ್ತು ಹಾಕಿದಾಗ ಮಲಗಿದ್ದ ಮಾಡ್ಯೂಲುಗಳು ಎಚ್ಚರಗೊಂಡು ಲೆಕ್ಕವನ್ನೇ ಬದಲಿಸುತ್ತವೆ. ಬಾಗಿಲಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿ, ಅರ್ಧ ಗಂಟೆಯಾದರೂ ಕಾದು, ಫ್ಯೂಸಿನ ಬೆನ್ನ ಮೇಲಿನ ಎರಡು ಪುಟ್ಟ ಲೋಹದ ಚುಕ್ಕೆಗಳಿಗೆ ಮೀಟರ್ ಮುಟ್ಟಿಸಿ ಮಿಲಿ ವೋಲ್ಟ್ ಓದುವುದು ನೆಟ್ಟಗಿನ ದಾರಿ. ಸೊನ್ನೆ ಬಿಟ್ಟು ಬೇರೆ ಅಂಕಿ ತೋರಿದ ಫ್ಯೂಸಿನ ಹಿಂದೆ ಕರೆಂಟು ಓಡುತ್ತಿದೆ. ಅಲ್ಲಿ ಸಿಗುವುದು ಬಹುಪಾಲು ಹಿಂದಿನ ಮಾಲೀಕರ ಕೈವಾಡ: ಮ್ಯೂಸಿಕ್ ಸಿಸ್ಟಂ, ಜಿಪಿಎಸ್ ಟ್ರ್ಯಾಕರ್, ರಿವರ್ಸ್ ಕ್ಯಾಮೆರಾ, ಯಾವುದೋ ವೈರನ್ನು ಕೆರೆದು ಟೇಪು ಸುತ್ತಿದ ಜೋಡಣೆ. ಹೊರಗಿನಿಂದ ಹಾಕಿಸಿದ ಸಿಎನ್‌ಜಿ ಕಿಟ್ ಇದ್ದರಂತೂ ಇಂಜೆಕ್ಟರಿನ ವೈರುಗಳಿಗೇ ಕತ್ತರಿ ಬಿದ್ದಿರುತ್ತದೆ. ಆ ಜೋಡಣೆಗಳನ್ನು ಒಂದೊಂದಾಗಿ ಬಿಚ್ಚಿ ನೋಡದೆ ಬೇರೇನೂ ಮುಟ್ಟಬಾರದು.

ಹುಡುಕಾಟವನ್ನು ಅರ್ಧಕ್ಕೆ ಬಿಟ್ಟರೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಷೆವ್ರೊಲೆ ಕೋಬಾಲ್ಟ್ ಪ್ರಕರಣ ಸಾಕು. ಓಡುವಾಗಲೇ ಎಂಜಿನ್ ಬಂದ್ ಆಗುತ್ತದೆಂದು ಜಾರ್ಜಿಯಾದ ಯುವತಿಯೊಬ್ಬರು ಗಾಡಿಯನ್ನು ದುರಸ್ತಿಗೆ ಬಿಟ್ಟಿದ್ದರು. ವಾಪಸು ಬಂದ ಸ್ವಲ್ಪದರಲ್ಲೇ, 2010ರಲ್ಲಿ, ಅಪಘಾತದಲ್ಲಿ ತೀರಿಕೊಂಡರು. ಅವರ ಕುಟುಂಬದ ಪರವಾಗಿ ಇಂಜಿನಿಯರೊಬ್ಬರು ಅದೇ ಪಾರ್ಟ್ ನಂಬರಿನ ಹೊಸ ಇಗ್ನಿಷನ್ ಸ್ವಿಚ್ ಕೊಂಡು ಹಳೆಯದರ ಪಕ್ಕದಲ್ಲಿಟ್ಟು ಬಿಚ್ಚಿದಾಗ ಒಳಗಿನ ಪ್ಲಂಜರಿನ ಉದ್ದವೇ ಬೇರೆಯಾಗಿತ್ತು. ನಂಬರ್ ಬದಲಿಸದೆ ಸಾಮಾನನ್ನು ಸದ್ದಿಲ್ಲದೆ ಬದಲಿಸಲಾಗಿತ್ತು. 2014ರಲ್ಲಿ ಷೆವ್ರೊಲೆಯ ಮಾತೃ ಕಂಪನಿ ಜಿಎಂ (ಜನರಲ್ ಮೋಟರ್ಸ್) ಸುಮಾರು 26 ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಯಿತು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಎರಡು ಸಾಮಾನನ್ನು ಅಕ್ಕಪಕ್ಕ ಇಟ್ಟು ಅಳೆದ ಸಹನೆ ಆ ಸತ್ಯವನ್ನು ಹೊರಗೆ ತಂದಿತು.

ಅದೇ ಕಂಪನಿ 2008ರಲ್ಲಿ ಪುಣೆ ಬಳಿಯ ತಳೇಗಾಂವ್‌ನಲ್ಲಿ ಕಾರ್ಖಾನೆ ತೆರೆದು, 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ರಾಂಜಣಗಾಂವ್‌ನಲ್ಲಿ ತಯಾರಾದ ಫಿಯಟ್ ಪುಂಟೊ, ಲೀನಿಯಾಗಳ ಕಾಲವೂ ಮುಗಿಯಿತು. ಇಂಥ ಗಾಡಿಗಳು ಕಡಿಮೆ ಬೆಲೆಗೆ ಸಿಗುತ್ತವೆ, ಓಡಲೂ ಚೆನ್ನ. ಆದರೆ ಹೊಸ ಮಾಡ್ಯೂಲ್ ಸುಲಭಕ್ಕೆ ಸಿಗದಿದ್ದಾಗ ಮಂಗಳವಾರ ಪೇಠೆಯ ಜೂನಾ ಬಜಾರಿನಿಂದ ಹಳೆಯ ಇಸಿಯು ತಂದು ಹಾಕುವಂತಿಲ್ಲ. ಕೀಲಿಯ ಇಮ್ಮೊಬಿಲೈಸರ್ ಕೋಡ್ ಅದಕ್ಕೆ ಹೊಂದದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಬದಲಿಸಲಾಗದ ಸಾಮಾನು ಇರುವ ಕಾರಿನ ಮಾಲೀಕರಿಗೆ ಪತ್ತೆ ಹಚ್ಚಬಲ್ಲ ವೈರ್‌ಮನ್ ಬಿಟ್ಟು ಬೇರೆ ಗತಿಯಿಲ್ಲ.

ಪುಣೆಯ ಎಂಎಚ್-12 ಗಾಡಿಗಳನ್ನು ಕೊಂಡು ಬೆಳಗಾವಿ, ವಿಜಯಪುರಕ್ಕೆ ಒಯ್ಯುವ ಕನ್ನಡಿಗರು ಎನ್‌ಒಸಿ, ತೆರಿಗೆ, ವಿಮೆ ಎಲ್ಲ ಕಾಗದವನ್ನೂ ಜೋಪಾನವಾಗಿ ಪಡೆಯುತ್ತಾರೆ. ಗಾಡಿಯ ವೈರಿಂಗಿಗೆ ಯಾರು ಯಾವಾಗ ಕೈ ಹಾಕಿದರು ಎಂಬ ಕಾಗದ ಮಾತ್ರ ಯಾರ ಬಳಿಯೂ ಇರುವುದಿಲ್ಲ. ಹಳೆ ವಾಹನಗಳ ವ್ಯಾಪಾರಿಗಳಿಗೆ ನೋಂದಣಿ ಕಡ್ಡಾಯ ಮಾಡಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳು ಗಾಡಿ ಯಾರ ಹೊಣೆಯಲ್ಲಿದೆ ಎಂಬುದನ್ನು ಗಟ್ಟಿ ಮಾಡಿವೆ. ದುರಸ್ತಿಯ ಚರಿತ್ರೆ ಕೊಳ್ಳುವವರೇ ಕೇಳಿ ಪಡೆಯಬೇಕಾದ್ದು. ರಾತ್ರಿ ನಿಲ್ಲಿಸಿದಾಗಿನ ಬ್ಯಾಟರಿ ವೋಲ್ಟೇಜ್, ಬೆಳಗಿನದು, ಸೆಲ್ಫ್ ಹೊಡೆಯುವಾಗಿನದು, ಎಂಜಿನ್ ಓಡುವಾಗ ಆಲ್ಟರ್ನೇಟರ್ ಕೊಡುವುದು: ಈ ನಾಲ್ಕು ಅಂಕಿಗಳನ್ನು ವೈರ್‌ಮನ್ನಿನಿಂದ ಒಂದು ಚೀಟಿಯಲ್ಲಿ ಬರೆಸಿ, ಆ ಬರೆಸಿದ್ದಕ್ಕೇ ಪ್ರತ್ಯೇಕವಾಗಿ ದುಡ್ಡು ಕೊಡಬೇಕು. ತಣ್ಣಗಿರುವ ಗಾಡಿಯಲ್ಲಿ ಬೆಳಿಗ್ಗೆ 12.4 ವೋಲ್ಟಿಗಿಂತ ಕಡಿಮೆ, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ, ಓಡುವಾಗ 13.8ರಿಂದ 14.5ರ ವ್ಯಾಪ್ತಿಯ ಹೊರಗೆ ಬಂದರೆ ಮುಂಗಡ ಕೊಡುವ ಮುನ್ನ ಕಾರಣ ಗೊತ್ತಾಗಬೇಕು. ಒಂದು ರಾತ್ರಿ ಗಾಡಿ ನಿಲ್ಲಿಸಿ ಅಳೆಯಲು ಮಾರುವವರು ಒಪ್ಪದಿದ್ದರೆ ಬೇರೆ ಗಾಡಿ ನೋಡಬೇಕು.