ತಟ್ಟೆಯ ವಲಯ ದಾಟಿ

ಕಡಲಿನ ಸೂಕ್ಷ್ಮಪಾಚಿಗಳಿಗೆ ರೋಗಾಣುಗಳನ್ನು ಕೊಲ್ಲುವ ಶಕ್ತಿಯಿದೆ ಎಂಬುದು ಈಗ ಸಂಶಯದ ವಿಷಯವಲ್ಲ. ಅಂಟಾರ್ಕ್ಟಿಕದ ಪೆಂಗ್ವಿನ್‌ಗಳ ಕರುಳಿನಲ್ಲಿ ಬ್ಯಾಕ್ಟೀರಿಯಾ ಏಕಿಷ್ಟು ವಿರಳ ಎಂದು ಹುಡುಕುತ್ತ ಹೋದ ವಿಜ್ಞಾನಿ ಜಾನ್ ಸೀಬರ್ತ್, ಅವು ತಿನ್ನುವ ಕ್ರಿಲ್, ಕ್ರಿಲ್ ಮೇಯುವ ಫಿಯೋಸಿಸ್ಟಿಸ್ ಪಾಚಿ, ಆ ಪಾಚಿಯ ಅಕ್ರಿಲಿಕ್ ಆಮ್ಲದ ತನಕ ಜಾಡು ಹಿಡಿದು 1960ರಲ್ಲಿ ಪ್ರಕಟಿಸಿದರು. 2009ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ತಂಡ ಫಿಯೋಡಾಕ್ಟೈಲಮ್ ಎಂಬ ಡಯಾಟಮ್ ಪಾಚಿಯಿಂದ ಬೇರ್ಪಡಿಸಿದ ಕೊಬ್ಬಿನಾಮ್ಲ, ಹಲವು ಔಷಧಗಳಿಗೆ ಜಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾವನ್ನೂ ತಡೆಯಿತು. ಅದು ಮೀನೆಣ್ಣೆಯಲ್ಲಿರುವ ಇಪಿಎ. ಈ ಎರಡೂ ಕೆಲಸಗಳ ಹಿರಿಮೆ ಒಂದೇ: ಕೊಲ್ಲುವ ವಸ್ತು ಯಾವುದೆಂದು ಅವು ಹೆಸರಿಟ್ಟು ಹೇಳಿದವು.

ಈ ಕ್ಷೇತ್ರದ ಬಹುಪಾಲು ಪ್ರಬಂಧಗಳು ಅಷ್ಟು ದೂರ ನಡೆಯುವುದೇ ಇಲ್ಲ ಎಂಬುದು ನನ್ನ ತಕರಾರು. ಪಾಚಿಯನ್ನು ಒಣಗಿಸಿ, ಮೆಥನಾಲ್‌ನಲ್ಲಿ ಸಾರ ತೆಗೆದು, ಕಾಗದದ ಬಿಲ್ಲೆಗೆ ಹಾಕಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯ ಮೇಲಿಟ್ಟು, ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಮೂಡಿದ ತಿಳಿ ವಲಯವನ್ನು ಮಿಲಿಮೀಟರುಗಳಲ್ಲಿ ಅಳೆದರೆ ಸಂಶೋಧನೆ ಮುಗಿಯಿತು. ಕೊನೆಯಲ್ಲಿ 'ಹೊಸ ಆಂಟಿಬಯೋಟಿಕ್‌ನ ಭರವಸೆ'. ಆದರೆ ವಲಯದ ಅಗಲ ವಸ್ತುವಿನ ಬಲವನ್ನಷ್ಟೇ ಅಲ್ಲ, ಅದು ಅಗರ್‌ನಲ್ಲಿ ಎಷ್ಟು ಸಲೀಸಾಗಿ ಹರಡುತ್ತದೆ ಎಂಬುದನ್ನೂ ಅಳೆಯುತ್ತದೆ. ನೀರಿಗೆ ಒಗ್ಗದ ಕೊಬ್ಬಿನಾಮ್ಲ ಅಲ್ಲಿ ಹರಡುವುದೇ ಕಷ್ಟ. ಹಾಗಾಗಿ ಸಣ್ಣ ವಲಯ ದುರ್ಬಲ ವಸ್ತುವಿನ ಗುರುತಲ್ಲ, ದೊಡ್ಡ ವಲಯ ಔಷಧದ ಗುರುತೂ ಅಲ್ಲ. ಇನ್ನೂ ಮುಖ್ಯವಾದದ್ದು ರಕ್ತ. ಕೊಬ್ಬಿನಾಮ್ಲ ಬ್ಯಾಕ್ಟೀರಿಯಾದ ಪೊರೆಯನ್ನು ಕೆಡಿಸಿ ಕೊಲ್ಲುತ್ತದೆ. ರಕ್ತದಲ್ಲಾದರೋ ಆಲ್ಬುಮಿನ್ ಪ್ರೋಟೀನು ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ, ತಟ್ಟೆಯಲ್ಲಿ ಕಂಡ ಬಲ ಅಲ್ಲಿ ಕುಗ್ಗಬಹುದು.

ಪೆನಿಸಿಲಿನ್ ಕೂಡ ಒಂದು ವಲಯದಿಂದಲೇ ಹುಟ್ಟಿತಲ್ಲ ಎನ್ನಬಹುದು. ನಿಜ. ಆದರೆ 1928ರ ಆ ವಲಯ ಔಷಧದ ದಾರಿ ಹಿಡಿದದ್ದು 1940ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಪೆನಿಸಿಲಿನ್ನನ್ನು ಶುದ್ಧೀಕರಿಸಿ, ಸೋಂಕಿತ ಇಲಿಗಳನ್ನು ಉಳಿಸಿ ತೋರಿಸಿದ ಮೇಲೆ. ಕಚ್ಚಾ ಸಾರದಲ್ಲಿ ಹಲವು ವಸ್ತುಗಳು ಕೂಡಿ ದುಡಿಯುತ್ತವೆ, ಬೇರ್ಪಡಿಸಿದರೆ ಬಲ ಕುಗ್ಗುತ್ತದೆ ಎಂಬ ವಾದಕ್ಕೂ ಆಧಾರವಿರಬಹುದು. ಅದನ್ನು ಸಾಬೀತು ಮಾಡಬೇಕಾದರೂ ಮೊದಲು ಬೇರ್ಪಡಿಸಿ, ಮತ್ತೆ ಕೂಡಿಸಿ ನೋಡಲೇಬೇಕು.

ನನಗೆ ನಿಜವಾದ ಭರವಸೆ ಕಾಣುವುದು ರಕ್ತದ ಹೊರಗೆ, ಮೀನು ಸಿಗಡಿ ಸಾಕುವ ನೀರಿನಲ್ಲಿ. ಟೆಟ್ರಾಸೆಲ್ಮಿಸ್ ಪಾಚಿ ಮೀನಿನ ರೋಗಾಣುಗಳನ್ನು ತಡೆಯುತ್ತದೆಂದೂ, ಅದನ್ನು ಮೇವಿಗೆ ಬೆರೆಸಿದಾಗ ಸಾಲ್ಮನ್‌ಗಳಲ್ಲಿ ಸೋಂಕು ತಗ್ಗಿತೆಂದೂ 1992ರಲ್ಲೇ ವರದಿಯಾಗಿದೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ನಂಥ ಆಂಟಿಬಯೋಟಿಕ್‌ಗಳನ್ನು ಸಿಗಡಿ ಸಾಕಣೆಯಲ್ಲಿ ನಿಷೇಧಿಸಿರುವ ಭಾರತದಲ್ಲಿ ಇಂಥ ಪ್ರಯೋಗಕ್ಕೆ ಕೊಳಗಳೂ ಇವೆ, ಅಗತ್ಯವೂ ಇದೆ. ಅಲ್ಲಿ ಅಳೆಯಬೇಕಾದದ್ದು ಬದುಕುಳಿದ ಮರಿಗಳ ಲೆಕ್ಕವನ್ನು.