ಬೆನ್ನು ಮಣ್ಣಿಗೆ ಕೊಡದವನು

ಹಿರಿಯೂರು, ಹೊಳಲ್ಕೆರೆ ಸೀಮೆಯ ಜಾತ್ರೆ ಕುಸ್ತಿಯಲ್ಲಿ ಗೆದ್ದವನಿಗೆ ಹಲಗೆ ಸದ್ದು, ಹಾರ, ಹೆಗಲ ಮೇಲೆ ಮೆರವಣಿಗೆ. ನನ್ನ ಕಣ್ಣು ಮಾತ್ರ ಹೆಸರಾಂತ ಪೈಲ್ವಾನನಿಗೆ ಜೋಡಿಯಾಗಿ ಬಿದ್ದ ಸಾಧಾರಣ ಆಳಿನ ಮೇಲೇ ಇರುತ್ತದೆ. ತೂಕದಲ್ಲಿ ಕಮ್ಮಿ, ಹೆಸರಿನಲ್ಲಿ ಇನ್ನೂ ಕಮ್ಮಿ. ಆದರೂ ಕಣದ ಮಣ್ಣನ್ನು ಹಣೆಗೊತ್ತಿಕೊಂಡು, ತೊಡೆ ತಟ್ಟಿ ಇಳಿಯುತ್ತಾನೆ.

ಅವನ ಕಸುಬು ನೋಡಬೇಕು. ಕಾಲು ಅಗಲಿಸಿ, ಸೊಂಟ ತಗ್ಗಿಸಿ ನಿಲ್ಲುತ್ತಾನೆ. ಎದುರಾಳಿಯ ಕೈ ಕುತ್ತಿಗೆಗೆ ಬಿತ್ತೋ, ಮೊಣಕೈ ಎತ್ತಿ ಜಾರಿಸುತ್ತಾನೆ. ಕೆಳಗೆ ಬಿದ್ದರೆ ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕೈಕಾಲು ಚಾಚಿ, ಉಡದಂತೆ ಕಚ್ಚಿಕೊಳ್ಳುತ್ತಾನೆ. ಮಟ್ಟಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ತಾನೇ ಚಿತ್? ಅಲ್ಲಿಯವರೆಗೆ ಅವನು ಸೋತಿಲ್ಲ. ಹೊತ್ತು ಮೀರಿ ಕುಸ್ತಿ ಸಮವಾಯಿತೆಂದರೆ ಅವನ ಊರಿನವರಿಗೆ ಅದೇ ಗೆಲುವು.

ಚಿತ್ರದುರ್ಗಕ್ಕೆ ಈ ವಿದ್ಯೆ ಹೊಸದಲ್ಲ. ಕೋಟೆಯೊಳಗೆ ಗರಡಿಮನೆಯಿದೆ, ಓಬವ್ವನ ಕಿಂಡಿಯೂ ಇದೆ. ಹೈದರಾಲಿಯ ಸೈನಿಕರ ಎದುರು ಒನಕೆ ಏನು ಮಹಾ? ಆದರೆ ಅವರು ಒಬ್ಬೊಬ್ಬರಾಗಿಯೇ ತಲೆ ತೂರಿಸಬೇಕಾದ ಜಾಗವನ್ನು ಆಕೆ ಹಿಡಿದು ನಿಂತಳು ಎಂಬುದೇ ಆ ಕಥೆಯ ಪಟ್ಟು. 1974ರಲ್ಲಿ ಕಿನ್ಶಾಸಾದಲ್ಲಿ ಬಾಕ್ಸರ್ ಮಹಮ್ಮದ್ ಅಲಿ ಹಗ್ಗಕ್ಕೊರಗಿ, ಎಲ್ಲರೂ ಹೆದರುತ್ತಿದ್ದ ಜಾರ್ಜ್ ಫೋರ್‌ಮನ್‌ನ ಹೊಡೆತ ತಿಂದು ತಿಂದು ದಣಿಸಿ, ಎಂಟನೇ ಸುತ್ತಿನಲ್ಲಿ ಕೆಡವಿದ್ದೂ ಇದೇ ಜಾಣ್ಮೆಯಿಂದ.

ಬಲವಿದ್ದವನಿಗೆ ನಾಲ್ಕು ಪಟ್ಟು ಸಾಕು. ಇಲ್ಲದವನು ಕುಸ್ತಿಯನ್ನು ಪೂರ್ತಿ ಕಲಿಯಬೇಕು. ಉಸ್ತಾದ್ ಎಂಥವನೆಂದು ತಿಳಿಯಬೇಕಿದ್ದರೆ ಅವನ ಸಣ್ಣ ಆಳಿನ ಆಟ ನೋಡಿ.